ಜಪಾರ್ ಅಣ್ಣನ ಎದುರು ಮೂರು ರಾಜರು

ಕಾರಕೋಲ್ ಊರಿನ ಸೈರಾಗುಲ್ ಜಪಾರ್ ಅಣ್ಣನ ಹೆಸರು ಮೊದಲು ಕೇಳಿದ್ದು, ಸೊಸೆ ಅವಳನ್ನು ಫೋನಿನ ಪೋಕರ್ ಕೂಟಕ್ಕೆ ಸೇರಿಸಿದ ದಿನ. ಅಲ್ಲಿ ದುಡ್ಡಿನ ಮಾತಿಲ್ಲ, ಪಣಕ್ಕೆ ಬರೀ ಬಿಲ್ಲೆ. ಭಾನುವಾರ ಮಧ್ಯಾಹ್ನ ಏಳೆಂಟು ಜನ ವಯಸ್ಸಾದವರು ಚಹಾ ಹಿಡಿದು ಪರದೆಯ ಮುಂದೆ ಕೂರುತ್ತಿದ್ದರು.

"ಅತ್ತೆ, ನರಿನ್ ಊರಿನ ಜಪಾರ್ ಅಂತ ಇದಾರೆ, ಎಂಬತ್ತೆರಡು ವರ್ಷ. ಸೋತಿದ್ದೇ ಇಲ್ವಂತೆ!" ಎಂದಳು ಸೊಸೆ.

ಗುಟ್ಟು ತಿಳಿಯಲು ಮೂರು ವಾರ ಸಾಕಾಯಿತು. ಜಪಾರ್ ಪಣ ಏರಿಸಿದರೆ ಉಳಿದವರೆಲ್ಲ ಎಲೆ ಬಿಸಾಡುತ್ತಿದ್ದರು. ಹಿರಿಯರು ಕೈ ಹಾಕುವ ಮೊದಲು ತಟ್ಟೆಯ ಮಾಂಸ ಮುಟ್ಟದ ಜನ. ಇಸ್ಪೀಟಿನಲ್ಲೂ ಅದೇ ಮರ್ಯಾದೆ. ಸೈರಾಗುಲ್ ಕೂಡ ಒಂದು ಭಾನುವಾರ ಜೋಡಿ ಎಕ್ಕ ಕೈಯಲ್ಲಿದ್ದರೂ ಆಟ ಬಿಟ್ಟುಕೊಟ್ಟಳು.

ಅಂದು ಸಂಜೆ ಜಪಾರ್ ಅವರೇ ಅವಳಿಗೆ ಫೋನ್ ಮಾಡಿದರು. "ತಂಗೀ, ನಲವತ್ತು ವರ್ಷ ಬೆಟ್ಟದ ದಾರೀಲಿ ಬಸ್ ಓಡಿಸಿದೀನಿ. ಎದುರಿನವನು ಬೇಕಂತ ದಾರಿ ಬಿಟ್ರೆ ನಂಗೆ ಗೊತ್ತಾಗಲ್ವಾ? ಹಿರಿಯ ಅಂತ ಮೇಲಿನ ಜಾಗದಲ್ಲಿ ಕೂರಿಸಿ ಆಟದಿಂದಲೇ ಆಚೆ ಹಾಕಿದೀರಿ. ಇನ್ನೊಂದು ವಾರ ನೋಡ್ತೀನಿ. ಆಮೇಲೆ ಬರಲ್ಲ."

ಮುಂದಿನ ಭಾನುವಾರ ಅವಳಿಗೆ ಮೂರು ರಾಜರು ಬಂದರು. ಜಪಾರ್ ತಮ್ಮ ಬಿಲ್ಲೆಗಳನ್ನೆಲ್ಲ ಒಡ್ಡಿದರು. ಉಳಿದವರೆಲ್ಲ ಎಲೆ ಬಿಸಾಡಿದರು. ಸೈರಾಗುಲ್ ಮಾತ್ರ ಪಣಕ್ಕೆ ಪಣ ಕಟ್ಟಿದಳು. ಜಪಾರ್ ಕೈಯಲ್ಲಿದ್ದದ್ದು ಬರೀ ಜೋಡಿ ಒಂಬತ್ತು! ಆಟ ಅವಳದಾಯಿತು.

"ತಪ್ಪಾಯ್ತಾ, ಅಣ್ಣಾ?" ಎಂದಳು.

ಜಪಾರ್ ಚಹಾ ಚೆಲ್ಲುವಷ್ಟು ನಕ್ಕರು. "ಅಯ್ಯೋ ಕಳ್ಳಮುದುಕಿ! ಅಂತೂ ಒಬ್ಬಳು ನನ್ ಜೊತೆ ಆಡಿದಳು!" ಪರದೆ ಆರಿಸುವ ಮುಂಚೆ ಕೊನೆಗೆ ಕೇಳಿದ್ದು ಇಷ್ಟೇ: "ಮುಂದಿನ ವಾರ ಮುಯ್ಯಿ ತೀರಿಸ್ಕೋತೀನಿ. ತಪ್ಪಿಸ್ಕೊಳ್ಳದೆ ಬರ್ತೀಯಲ್ಲ?"