ನಾನು ಚಿವುಟಿದ ತೋಳು

ಆಗೆಲ್ಲ ಹಲಸೂರಿನ ನಮ್ಮ ವಠಾರದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಆರೂ ಮನೆಗೆ ಸಾಂಬ್ರಾಣಿ ಹೊಗೆ ನುಗ್ಗುತ್ತಿತ್ತು. ನನ್ನ ತಮ್ಮ ಹುಟ್ಟಿದಾಗ ನನಗೆ ಏಳು ವರ್ಷ. ಅಮ್ಮನ ಮಗ್ಗುಲು, ಅಜ್ಜಿಯ ತೊಡೆ ಎರಡೂ ಅವನ ಪಾಲಾದವು. ನನಗೋ ಹೊಟ್ಟೆಕಿಚ್ಚು. ಅವನಿಗೆ ತಿಂಗಳು ತುಂಬಿದ ಮೇಲೊಂದು ದಿನ, ಯಾರೂ ಇಲ್ಲದ ಹೊತ್ತು ನೋಡಿ ಎಡತೋಳನ್ನು ಚಿವುಟಿಬಿಟ್ಟೆ. ಕಿಟಾರನೆ ಕಿರುಚಿಕೊಂಡ. ಹೆದರಿ ತೊಟ್ಟಿಲು ತೂಗಿ ಮಲಗಿಸಿದೆ.

ನಾಲ್ಕು ದಿನಕ್ಕೆ ಅದೇ ತೋಳಲ್ಲಿ ಕೆಂಪು ಗುಳ್ಳೆ ಎದ್ದಿತು. ಆಮೇಲೆ ಕೀವು ತುಂಬಿತು. ತಮ್ಮ ಸತ್ತೇಹೋಗುತ್ತಾನೆ, ಕೊಂದವಳು ನಾನೇ ಎಂದು ಖಾತ್ರಿಯಾಯಿತು. ಕುಂಟೆಬಿಲ್ಲೆಗೆ ಕರೆದರೂ ಹೋಗಲಿಲ್ಲ, ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟೆ. ಒಂದು ಸಂಜೆ ಅಜ್ಜಿ ಪಕ್ಕದ ಮನೆಯ ಸೆಲ್ವಿ ಅಕ್ಕನ ಹತ್ತಿರ ವಠಾರದ ಓನರನ್ನು ಬೈಯುತ್ತ, "ಮಗೂನೂ ಚಿವುಟೋದು, ತೊಟ್ಟಿಲೂ ತೂಗೋದು" ಅಂದಳು. ಅದು ಗಾದೆ ಎಂದು ನನಗೇನು ಗೊತ್ತು? ಸಿಕ್ಕಿಬಿದ್ದೆ ಎಂದುಕೊಂಡು ಬಚ್ಚಲಲ್ಲಿ ಅವಿತು ಕೂತೆ.

ಮರುದಿನ ಅಜ್ಜಿ ಅರಿಶಿನ ಕಲಸಿಕೊಂಡು, "ಕೀವು ಹಿಂಡಿ ತೆಗೆದ್ಬಿಡ್ತೀನಿ" ಎಂದು ಕೂತಳು.

"ಬೇಡ ಅತ್ತೆ, ಹೇಗೂ ಇವತ್ತು ಒಂದೂವರೆ ತಿಂಗಳ ಸೂಜಿ ಇದೆ. ತೋರಿಸ್ಕೊಂಡೇ ಬರೋಣ" ಎಂದು ಅಮ್ಮ ನಮ್ಮನ್ನೆಲ್ಲ ಆಸ್ಪತ್ರೆಗೆ ಹೊರಡಿಸಿದಳು.

ನರ್ಸಮ್ಮ ತೋಳು ನೋಡಿ, "ಇದನ್ನ ಯಾರಾದ್ರೂ ಮುಟ್ಟಿದ್ರಾ?" ಎಂದು ಕೇಳಿದರು.

"ನಾನೇ ಚಿವುಟಿದ್ದು! ಪೊಲೀಸ್ನೋರಿಗೆ ಹೇಳ್ಬೇಡಿ" ಎಂದು ಗೋಳೋ ಎಂದು ಅತ್ತೆ.

ನರ್ಸಮ್ಮ ನಕ್ಕುಬಿಟ್ಟರು. "ಅಯ್ಯೋ ಪುಟ್ಟಿ, ನೀನು ಚಿವುಟಿದ್ದಕ್ಕಲ್ಲಮ್ಮ. ಹುಟ್ಟಿದಾಗ ಬಿಸಿಜಿ ಸೂಜಿ ಹಾಕಿರ್ತೀವಲ್ಲ, ಅದು. ತಿಂಗಳಾದ್ಮೇಲೆ ಹೀಗೇ ಗುಳ್ಳೆಯಾಗಿ, ಒಡೆದು, ತಾನೇ ಒಣಗುತ್ತೆ." ಅಜ್ಜಿಯ ಕಡೆ ತಿರುಗಿದರು. "ಹಿಂಡ್ಬೇಡಿ ಅಜ್ಜಿ. ಅರಿಶಿನ, ಎಣ್ಣೆ, ಪೌಡರು ಏನೂ ಹಚ್ಬೇಡಿ, ಪಟ್ಟಿನೂ ಬೇಡ. ಸ್ನಾನ ಮಾಡ್ಸಿ, ಮೆತ್ತಗೆ ಒತ್ತಿ ಒರೆಸಿ. ಹುಣ್ಣು ತುಂಬ ದೊಡ್ಡದಾದ್ರೆ, ಕಂಕುಳಲ್ಲಿ ಗಂಟು ಕಂಡ್ರೆ ಕರ್ಕೊಂಡ್ ಬನ್ನಿ."

ಅಮ್ಮ ಬೈಯಲಿಲ್ಲ. ದಾರಿಯುದ್ದಕ್ಕೂ ಆಟೋದಲ್ಲಿ ತಮ್ಮನನ್ನು ನನ್ನ ತೊಡೆಯ ಮೇಲೇ ಮಲಗಿಸಿದಳು.

ಈಗ ಅವನ ಮನೆ ಬಾಣಸವಾಡಿಯಲ್ಲಿ, ಇಲ್ಲಿಂದ ಅರ್ಧ ಗಂಟೆಯ ದಾರಿ. ಈಚೆಗೆ ಅವನಿಗೆ ಆಪರೇಷನ್ ಆದದ್ದು ನನಗೆ ತಿಳಿದದ್ದು ವಾರ ಕಳೆದ ಮೇಲೆ, ಅದೂ ಯಾರೋ ನೆಂಟರಿಂದ. ಫೋನ್ ಮಾಡಿ, "ಯಾಕೋ ಹೇಳ್ಲಿಲ್ಲ?" ಎಂದು ಕೇಳಿದೆ.

"ನಿಂಗ್ಯಾಕೆ ಸುಮ್ನೆ ಭಯ ಅಂತ ಹೇಳ್ಲಿಲ್ಲ ಕಣಕ್ಕ" ಎಂದ.

ಅವನಿಗೇನಾಗುತ್ತದೋ ಎಂದು ಏಳು ವರ್ಷಕ್ಕೇ ಅನ್ನ ನೀರು ಬಿಟ್ಟು ಕೂತಿದ್ದ ಅಕ್ಕ ನಾನು, ಅವನಿಗಾಗಿ ಭಯಪಡುವುದು ಅಂದಿನಿಂದಲೂ ನನ್ನ ಪಾಲಿನದೇ ಎಂದು ಈಗ ಅವನಿಗೆ ಹೇಗೆ ಹೇಳಲಿ?