ಅಕ್ಕ ನುಂಗಿದ ಮಾತ್ರೆ

ಹೋದ ವಾರ ಕನಕಪುರದ ನಮ್ಮ ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು. "ಈ ಮಾತ್ರೆ ನಿಮಗೆ ಹಿಡಿಸ್ಲಿಲ್ಲ ಮೇಷ್ಟ್ರೇ, ಬೇರೆ ಬರ್ಕೊಡ್ತೀನಿ" ಎಂದು ಚೀಟಿ ಕೊಟ್ಟು ಮುಂದಿನವರನ್ನು ಕರೆದರು. ನಾನು ಚೀಟಿ ಹಿಡಿದು ಕೂತೇ ಇದ್ದೆ. ಎಷ್ಟು ಸಲೀಸಾಗಿ ಹೇಳಿಬಿಡಬಹುದಾದ ಮಾತು! ಇದೊಂದು ಮಾತನ್ನು ನಮ್ಮಕ್ಕನ ಪರವಾಗಿ ನಾನು ಒಂಬತ್ತು ವರ್ಷ ಆಡಲಿಲ್ಲ.

ನಿಮಗೆ ಜಯಕ್ಕನ ವಿಷಯ ಹೇಳಬೇಕು. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಕೊಟ್ಟಿದ್ದೆವು. ಮದುವೆಯಾದ ಮೂರನೇ ವರ್ಷ ಅವಳಿಗೆ ಗೋಡೆಯಾಚೆಯಿಂದ ಯಾರೋ ಬೈಯುವುದು ಕೇಳಿಸತೊಡಗಿತು. ಒಲೆಯ ಮೇಲಿನ ಸಾರು ಹಾಗೇ ಬಿಟ್ಟು, ಗೋಡೆಯ ಕಡೆ ತಿರುಗಿ ಉತ್ತರ ಕೊಡುತ್ತ ನಿಲ್ಲುತ್ತಿದ್ದಳಂತೆ. ಭಾವ ಅವಳನ್ನು ನಮ್ಮ ಮನೆಗೆ ತಂದು ಬಿಟ್ಟು, "ಸರಿಹೋದ್ಮೇಲೆ ಕಾಗ್ದ ಹಾಕಿ, ಬತ್ತೀನಿ" ಎಂದು ಹೋದರು.

"ಕಬ್ಬಾಳಮ್ಮನ ತಾವ್ಕೆ ಒಂದ್ಸಲ ಕರ್ಕೊಂಡೋಗಾನ ಕಣ್ಲಾ" ಎಂದಳು ಅವ್ವ. ನಾನು ಆಗಷ್ಟೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿ ಸೇರಿದ್ದೆ. ವಿಜ್ಞಾನವೆಲ್ಲ ಅಂಗಿಯ ಜೇಬಿನಲ್ಲಿದೆ ಎಂಬ ಗತ್ತು. "ಇದು ಮೆದುಳಿನ ಕಾಯಿಲೆ ಅವ್ವ. ಮಾತ್ರೆಗೆ ವಾಸಿಯಾಗ್ತದೆ" ಎಂದೆ. ಬೆಂಗಳೂರಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಬರೆದರು. ಅಲ್ಲಿಯವರೆಗೆ ನಾನು ಮಾಡಿದ್ದು ಸರಿ. ಈಗಲೂ ಹಾಗೇ ಅನ್ನುತ್ತೇನೆ. ನಾನು ಕೆಟ್ಟದ್ದು ಆಮೇಲೆ.

ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಅಕ್ಕೂರಿನವರು. ಅವರ ತಮ್ಮನಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಎರಡು ತಿಂಗಳಿಗೆ ಅವನು ಮೊದಲಿನಂತೆ ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದ. ಅಕ್ಕನಿಗೆ ಮಾತ್ರ ಆರು ತಿಂಗಳಾದರೂ ಗೋಡೆಯಾಚೆಯವರ ಬೈಗುಳ ನಿಲ್ಲಲಿಲ್ಲ. ಯಾವ ಆಮ್ಲಕ್ಕೆ ಅದ್ದಿದರೂ ನೀಲಿ ಲಿಟ್ಮಸ್ ಕೆಂಪಾಗಲೇಬೇಕು ಎಂದು ಮಕ್ಕಳಿಗೆ ಹೇಳುತ್ತಿದ್ದವನು ನಾನು. ಕೆಂಪಾಗದಿದ್ದರೆ? ಕಾಗದವನ್ನು ಅದ್ದಿಲ್ಲ ಎಂದೇ ಅರ್ಥ. ಅಕ್ಕ ಮಾತ್ರೆ ನುಂಗುತ್ತಿಲ್ಲ!

"ಅಕ್ಕ, ನುಂಗಿದ್ಯಾ?"

"ನುಂಗ್ದೆ ಕಣಪ್ಪ."

"ಬಾಯಿ ತೆಗಿ. ನಾಲಿಗೆ ಎತ್ತು."

ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಇದು ನಡೆಯುತ್ತಿತ್ತು. ಅವಳ ದಿಂಬಿನ ಕೆಳಗೆ ಹುಡುಕಿದೆ, ಸೆರಗಿನ ಗಂಟು ಬಿಚ್ಚಿದೆ, ಬಚ್ಚಲ ಮೋರಿಯಲ್ಲಿ ಕಡ್ಡಿ ಆಡಿಸಿದೆ. ಒಂದು ಮಾತ್ರೆಯೂ ಸಿಗಲಿಲ್ಲ. ಸಿಗದಿದ್ದಷ್ಟೂ ಅವಳು ಬಲು ಜಾಣತನದಿಂದ ಬಚ್ಚಿಡುತ್ತಾಳೆ ಅಂದುಕೊಂಡೆ. ಅವಳ ಕೈ ನಡುಗುತ್ತಿತ್ತು, ನಡೆದರೆ ಮೈ ಮರಗಟ್ಟಿದಂತೆ ಕಾಣುತ್ತಿತ್ತು. ಅದೂ ಕಾಯಿಲೆಯೇ ಅಂದುಕೊಂಡೆ.

ಒಂದು ಗೌರಿ ಹಬ್ಬದ ದಿನ ಮನೆ ತುಂಬ ನೆಂಟರಿದ್ದರು. ಹೊಸ ಸೀರೆ ಉಟ್ಟು, ಹೂ ಮುಡಿದು, ಅಕ್ಕ ಅವತ್ತು ಒಸಿ ಗೆಲುವಾಗಿದ್ದಳು. ಇದ್ದಕ್ಕಿದ್ದಂತೆ ಗೋಡೆಯ ಕಡೆ ತಿರುಗಿ ಏನೋ ಗೊಣಗಿದಳು. ನನಗೆ ನೆಂಟರೆದುರು ಮರ್ಯಾದೆ ಹೋದಂತಾಯಿತು. "ಇವತ್ತೂ ನುಂಗಿಲ್ಲ ನೀನು!" ಎಂದು ಎಲ್ಲರ ನಡುವೆ ಅವಳ ಗದ್ದ ಹಿಡಿದು, ಬಾಯಿ ತೆಗೆಸಿ, ನಾಲಿಗೆಯ ಕೆಳಗೆ ಬೆರಳು ಹಾಕಿ ತಡಕಿದೆ. ಅಕ್ಕ ಕಚ್ಚಲಿಲ್ಲ, ಕೂಗಲಿಲ್ಲ. ಕಣ್ಣಲ್ಲಿ ನೀರಿಳಿಯುತ್ತಿದ್ದರೂ ಬಾಯಿ ತೆರೆದುಕೊಂಡೇ ಕೂತಿದ್ದಳು. ಇದನ್ನು ಬರೆಯುವಾಗಲೂ ನನ್ನ ಬೆರಳನ್ನು ನೋಡಿಕೊಳ್ಳಲು ನನಗೆ ನಾಚಿಕೆ.

ಡಾಕ್ಟರ ಬಳಿ ಹೋದಾಗಲೆಲ್ಲ ಅಕ್ಕನಿಗಿಂತ ಮೊದಲು ನಾನೇ ಬಾಯಿ ಬಿಡುತ್ತಿದ್ದೆ: "ಸರಿಯಾಗಿ ನುಂಗ್ತಾ ಇಲ್ಲ ಸಾರ್." ಮೇಷ್ಟ್ರ ಮಾತೆಂದು ಅವರು ನಂಬುತ್ತಿದ್ದರು. ನುಂಗದ ಮಾತ್ರೆಯನ್ನು ಯಾರು ತಾನೇ ಬದಲಾಯಿಸುತ್ತಾರೆ? ಒಂಬತ್ತು ವರ್ಷ ಅದೇ ಚೀಟಿ.

ಆಮೇಲೆ ಆ ಡಾಕ್ಟರ ಜಾಗಕ್ಕೆ ಒಬ್ಬ ಹೆಣ್ಣುಮಗಳು ಬಂದರು. ನನ್ನನ್ನು ಸುಮ್ಮನಿರಿಸಿ ಅಕ್ಕನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನೋಡಿದರು.

"ಈ ನಡುಕ, ಈ ಬಿಗಿತ ಎಲ್ಲ ಮಾತ್ರೆಯಿಂದ ಬಂದಿದ್ದು. ನುಂಗದೇ ಇರೋರಿಗೆ ಹೀಗೆ ಆಗುತ್ತಾ ಮೇಷ್ಟ್ರೇ?"

ನಾನು ಕೇಳಿದೆ: "ಮತ್ತೆ ಯಾಕೆ ವಾಸಿಯಾಗ್ಲಿಲ್ಲ? ಅಕ್ಕೂರಿನ ಹುಡುಗನಿಗೆ ಆಯ್ತಲ್ಲ?"

"ಕಾಯಿಲೆ ಹೆಸರು ಒಂದೇ, ಮೆದುಳು ಬೇರೆ ಬೇರೆ. ಡೋಪಮೈನ್ ಅಂತ ಒಂದು ರಸ ಇದೆ. ಕೆಲವರಲ್ಲಿ ಅದು ಉಕ್ಕುತ್ತೆ, ಮಾತ್ರೆ ಅದನ್ನ ತಡೆಯುತ್ತೆ, ವಾಸಿಯಾಗುತ್ತೆ. ಇನ್ನು ಕೆಲವರಲ್ಲಿ ಅದು ಅಷ್ಟಾಗಿ ಉಕ್ಕಿರೋದೇ ಇಲ್ಲ. ತೊಂದ್ರೆ ಬೇರೆಲ್ಲೋ ಇರುತ್ತೆ. ಅದು ಎಲ್ಲಿ ಅಂತ ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ. ನಿಮ್ಮಕ್ಕನ ತಪ್ಪಂತೂ ಅಲ್ಲ."

ಅವರು ಬೇರೆ ಮಾತ್ರೆ ಬರೆದರು. ವಾರ ವಾರ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕಾದ ಮಾತ್ರೆ. ಆರೇಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ, "ಬೈಯೋರು ಒಸಿ ದೂರ ಹೋದ್ರು ಕಣ್ಲಾ" ಎಂದಳು. ಪೂರ್ತಿ ಹೋಗಲಿಲ್ಲ, ದೂರ ಹೋದರು. ಅಷ್ಟರಲ್ಲಿ ಭಾವ ಇನ್ನೊಂದು ಮದುವೆಯಾಗಿ ಎರಡು ಮಕ್ಕಳಾಗಿದ್ದವು.

ಅಕ್ಕ ನಮ್ಮ ಜೊತೆಯಲ್ಲೇ ಉಳಿದಳು. ಅವಳನ್ನು ನಂಬದೇ ಹೋದ ಮಾತನ್ನು ನಾನು ಎತ್ತಲಿಲ್ಲ. ಅವಳು ಮರೆತಿರಬೇಕು, ಕೆದಕುವುದೇಕೆ ಎಂದು ನನಗೆ ನಾನೇ ಹೇಳಿಕೊಂಡು ವರ್ಷಗಳನ್ನು ದೂಡಿದೆ.

ಹೋದ ವಾರ ಆ ಚೀಟಿ ಹಿಡಿದು ಮನೆಗೆ ಬಂದಾಗ ಅಕ್ಕ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದಳು. ಚಪ್ಪಲಿ ಬಿಟ್ಟವನೇ ಎದುರು ಕುಕ್ಕರಿಸಿದೆ.

"ಅಕ್ಕ, ಆಗ ನೀನು ದಿನಾ ಮಾತ್ರೆ ನುಂಗ್ತಿದ್ದೆ. ನಾನೇ ನಂಬ್ಲಿಲ್ಲ. ತಪ್ಪಾಯ್ತು."

ಅವಳ ಕೈ ನಿಂತಿತು. "ನಾನು ನುಂಗ್ತಿದ್ನಾ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಗೋಡೆ ಆಚೆಯೋರು ಬೈತಾರೆ ಅಂದ್ರೆ ಸುಳ್ಳು ಅಂತಿದ್ದೆ ನೀನು. ಮಾತ್ರೆ ನುಂಗ್ದೆ ಅಂದ್ರೂ ಸುಳ್ಳು ಅಂತಿದ್ದೆ. ಓದಿದೋನು ನೀನು. ಅದು ಸುಳ್ಳಾದ್ರೆ ಇದೂ ಸುಳ್ಳೇ ಇರ್ಬೇಕು ಅಂತ ನಾನೂ ಅನ್ಕೊಂಡ್ಬುಟ್ಟೆ. ಬಾಯೆಲ್ಲ ಕಹಿ ಇರೋದು, ಆದ್ರೂ ನುಂಗಿಲ್ವೇನೋ ಅಂತ ನಂಗೇ ಅನುಮಾನ ಕಣ್ಲಾ."

"ನುಂಗ್ತಿದ್ದೆ ಅಕ್ಕ. ದಿನಾ ನುಂಗ್ತಿದ್ದೆ."

"ಇನ್ನೊಂದ್ಸಲ ಹೇಳು."

ಹೇಳಿದೆ. ಅವಳು ಕೈ ಒರೆಸಿಕೊಂಡು, ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಯನ್ನು ಕೂಗಿ ಕರೆದಳು. ಹೆಂಡತಿ ಬಂದು ನಿಂತ ಮೇಲೆ ಅಕ್ಕ ನನ್ನ ಕಡೆ ತಿರುಗಿ, "ಈಗ ಇವ್ಳ ಮುಂದೆ ಹೇಳು" ಎಂದಳು.

ಹೇಳಿದೆ.