ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದ ಚೌಡಪ್ಪ ಮಾವ

ರಾಜಿಗೆ ಕೂತ ಮನೆಯಲ್ಲಿ ಚೌಡಪ್ಪ ಮಾವ ನೀರನ್ನೂ ಮುಟ್ಟುತ್ತಿರಲಿಲ್ಲ. ಬಿಳಿ ಪಂಚೆ, ಕಂಕುಳಲ್ಲಿ ತಮ್ಮದೇ ನೀರಿನ ಬಾಟಲಿ. ಯಾರಾದರೂ ಕಾಫಿ ತಂದಿಟ್ಟರೆ ಲೋಟವನ್ನು ಒಂದೇ ಬೆರಳಿನಿಂದ ಆಚೆ ಸರಿಸುತ್ತಿದ್ದರು. "ಒಬ್ರ ಮನೆ ಕಾಪಿ ಕುಡುದ್ರೆ ಇನ್ನೊಬ್ರ ಮನೇದೂ ಕುಡೀಬೇಕು. ನಂಗೆ ಶುಗರು" ಎನ್ನುತ್ತಿದ್ದರು. ಇಷ್ಟು ಜಾಗ್ರತೆ ಮಾಡುವ ಮನುಷ್ಯ ಏನನ್ನೋ ಬಚ್ಚಿಟ್ಟಿರಲೇಬೇಕು ಎಂದು ನನಗೆ ಮೊದಲಿನಿಂದಲೂ ಗುಮಾನಿ.

ತಮಿಳು ಸೀಮೆಯ ಕರುಮತ್ತಂಪಟ್ಟಿಯಲ್ಲಿ ಅವರದೂ ನಮ್ಮ ಹಾಗೆ ನೇಯ್ಗೆಯ ಮನೆತನ. ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ಮಗ್ಗಗಳನ್ನು ಮಗನಿಗೆ ಒಪ್ಪಿಸಿದ ಮೇಲೆ ರಾಜಿ ಮಾಡಿಸುವುದೇ ಅವರ ಕೆಲಸವಾಯಿತು. ಬೈಕು ಗುದ್ದಿ ಕಾಲು ಮುರಿದದ್ದು, ಪಕ್ಕದವರ ತೆಂಗಿನಮರ ಬಿದ್ದು ಹೆಂಚು ಒಡೆದದ್ದು, ಇಂಥವೇ ವ್ಯಾಜ್ಯಗಳು. ಕೋರ್ಟಿಗೆ ಅಲೆದು ಚಪ್ಪಲಿ ಸವೆಸಲು ಮನಸ್ಸಿಲ್ಲದವರೆಲ್ಲ ಅವರನ್ನು ಕರೆಯುತ್ತಿದ್ದರು. ನಾವೂ ಕರೆದೆವು.

ನೂಲಿನ ಮೂಟೆ ತಂದ ಲಾರಿ ಹಿಂದಕ್ಕೆ ಬರುತ್ತ ನಮ್ಮ ಮಗ್ಗದ ಶೆಡ್ಡಿನ ಗೋಡೆ ಕೆಡವಿತ್ತು. ಪಕ್ಕದಲ್ಲೇ ನಿಂತಿದ್ದ ಅಮ್ಮನ ಬಲಭುಜ ಮುರಿಯಿತು. ಲಾರಿ ಕುನ್ನತ್ತೂರಿನ ಪಳನಿಸಾಮಿಯವರದು, ಓಡಿಸುತ್ತಿದ್ದವರೂ ಅವರೇ. ನೋಡದೆ ಓಡಿಸಿದಿರಿ ಎಂದು ನಾವು, ಬಾ ಬಾ ಎಂದು ಕರೆದವರು ನೀವೇ ಅಲ್ಲವೇ ಎಂದು ಅವರು. ರಾಜಿಗೆ ಕೂತ ದಿನವೂ ಬೆಳಗಿನಿಂದ ಕೂಗಾಟ.

ಮಾವ ನಮ್ಮ ಮಾತಿನವರು, ನಮ್ಮ ಪರ ಒಂದು ಮಾತು ಹೆಚ್ಚಾಗಿಯೇ ಆಡುತ್ತಾರೆ ಎಂದು ನಂಬಿದ್ದೆ. ಎಲ್ಲರೂ ಕೂತಾಗ ಅಮ್ಮ ನೋವಿನಲ್ಲಿ ಕನ್ನಡದಲ್ಲೇ ಶುರು ಮಾಡಿದಳು. ಮಾವ ತಡೆದರು. "ಅಮ್ಮಿಣಿ, ತಮಿಳಲ್ಲೇ ಹೇಳು. ನಾವಿಬ್ರೂ ಕನ್ನಡ ಮಾತಾಡಿದ್ರೆ ಅವ್ರಿಗೆ ಸಂದೇಗ ಬರ್ತದೆ." ಅವರಿಗೆ ಬಂತೋ ಇಲ್ಲವೋ, ನನಗಂತೂ ಬಂತು.

ಆಮೇಲೆ ಎರಡು ಕಡೆಯವರನ್ನೂ ಬೇರೆ ಬೇರೆ ಕೂರಿಸಿ, ಬಾಗಿಲು ಹಾಕಿಕೊಂಡು ಮಾತಾಡುವುದು ಅವರ ಕ್ರಮ. ಅಮ್ಮನ ಜೊತೆ ನಾನೂ ಒಳಗೆ ಹೋದೆ. ಅಲ್ಲಿ ಕನ್ನಡಕ್ಕೆ ಅಡ್ಡಿಯಿರಲಿಲ್ಲ.

"ಅಣ್ಣಾ, ಬಾ ಬಾ ಅಂತ ಕೈ ಮಾಡಿದ್ದು ನಾನೇ" ಎಂದಳು ಅಮ್ಮ, ತಲೆ ತಗ್ಗಿಸಿ. "ನಡೂಲಿ ಫೋನು ಬಂತು. ಆ ಕಡೆ ತಿರುಗ್ಬುಟ್ಟೆ."

ಫೋನಿನ ವಿಷಯ ನನಗೂ ಗೊತ್ತಿರಲಿಲ್ಲ.

"ಇದ ಅವ್ರಿಗೆ ಹೇಳ್ಲಾ, ಬ್ಯಾಡ್ವಾ?" ಎಂದರು ಮಾವ.

"ಬ್ಯಾಡಣ್ಣಾ. ಊರಲ್ಲಿ ತಲೆ ಎತ್ತಕ್ಕಾಗಲ್ಲ."

"ಸೆರಿ. ಆದ್ರೆ ಗೋಡೆ ಪೂರ್ತಿ ಅವ್ರೇ ಕಟ್ಲಿ ಅಂತ ನಿನ್ ಬಾಯಲ್ಲಿ ಬರ್ಬಾರ್ದು."

ಅಮ್ಮ ಒಪ್ಪಿದಳು.

ನಂತರ ಪಳನಿಸಾಮಿಯವರ ಸರದಿ. ಮುಚ್ಚಿದ ಬಾಗಿಲ ಹಿಂದೆ ತಮಿಳಿನ ಪಿಸುಮಾತು, ನಡುವೆ ಒಮ್ಮೆ ಮಾವನ ನಗು. ಹೊರಗೆ ಬಂದ ಪಳನಿಸಾಮಿ ಅಮ್ಮನ ಚಿಕಿತ್ಸೆ ಪೂರ್ತಿ ತಮ್ಮದು, ಗೋಡೆ ಅರ್ಧರ್ಧ ಎಂದರು. ಅಷ್ಟು ಕೂಗಾಡಿದವರು ಇಷ್ಟು ಮೆತ್ತಗಾದದ್ದು ಹೇಗೆ? ಮಾವ ಅಮ್ಮನ ಗುಟ್ಟು ಬಿಟ್ಟುಕೊಟ್ಟಿದ್ದಾರೆ ಎಂದೇ ಅಂದುಕೊಂಡೆ. ಗುಟ್ಟು ತಿಳಿದಿದ್ದರೆ ಅವರು ಇನ್ನೂ ಬಿಗಿಯಾಗಬೇಕಿತ್ತಲ್ಲ ಎಂದು ಬುದ್ಧಿ ಹೇಳಿದರೂ ಮನಸ್ಸು ಕೇಳಲಿಲ್ಲ. ಇವತ್ತು ಒಪ್ಪಿಕೊಂಡು ನಾಳೆ ಊರಿಗೆಲ್ಲ ಹೇಳಿಕೊಂಡು ನಗಲಿಕ್ಕೇ ಇರಬಹುದು.

ಅಲ್ಲಿಂದ ಮುಂದೆ ನನ್ನನ್ನು ಎಲ್ಲಿ ಕಂಡರೂ ಪಳನಿಸಾಮಿ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ನನ್ನ ಗುಮಾನಿ ಗಟ್ಟಿಯಾಯಿತು. ಮಾವನನ್ನೇ ಕೇಳಿದೆ, "ಅವತ್ತು ಒಳಗೆ ಏನ್ ಮಾತಾಡಿದ್ರಿ ಮಾವ?"

"ಮಳೆ ಬರ್ಲಿಲ್ಲ ಅಂತ ಮಾತಾಡಿದ್ವಪ್ಪಾ" ಎಂದರು, ನಗಲೂ ಇಲ್ಲ. ಮತ್ತೆ ಕೇಳಿದಾಗಲೂ ಅದೇ ಮಳೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಮಾವ ತೀರಿಕೊಂಡರು. ಅವರ ಮನೆಯ ಮುಂದೆ ಚಪ್ಪರದ ಕೆಳಗೆ ಕೂತಿದ್ದೆ. ಪಳನಿಸಾಮಿ ಬಂದು ಶವಕ್ಕೆ ಹಾರ ಹಾಕಿ, ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದರು. ಈಗ ಅಮ್ಮನ ಮಾತು ಎತ್ತುತ್ತಾರೆ ಎಂದು ಹಲ್ಲು ಕಚ್ಚಿ ನಿಂತೆ.

"ತಂಬಿ" ಎಂದು ತಮಿಳಿನಲ್ಲಿ ಕೇಳಿದರು, "ಅವತ್ತು ನನ್ನ ವಿಷಯ ಅವರು ನಿಮಗೇನಾದರೂ ಹೇಳಿದರಾ?"

"ಒಂದು ಮಾತೂ ಇಲ್ಲ."

ಅವರು ಉಸಿರು ಬಿಟ್ಟರು. ಇವರದೂ ಏನೋ ಒಂದಿತ್ತು, ಅದೂ ಆ ಬಾಗಿಲು ದಾಟಿರಲಿಲ್ಲ. ಅಲ್ಲಿಯವರೆಗೆ ಬಾರದ ಅಳು ನನಗೆ ಆಗ ಬಂತು.

ಮನೆಗೆ ಬಂದು ಸ್ನಾನ ಮಾಡಿ ಅಮ್ಮನಿಗೆ ಎಲ್ಲ ಹೇಳಿದೆ.

"ಅಣ್ಣ ಹೋದ್ರು. ಇನ್ನ ನನ್ ಫೋನಿನ ಇಸ್ಯ ನಿಂಗೊಬ್ಬನಿಗೇ ಗೊತ್ತಿರೋದು" ಎಂದಳು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿ ಕೇಳಿದಳು, "ನೀ ಯಾರ್ಗೂ ಹೇಳಲ್ಲ ತಾನೆ?"